ಕಿಸೆಯಲ್ಲಿ ಮೆಮೊರಿ, ಕೈಯಲ್ಲಿ ಬಸ್ ಚೀಟಿ

ಎಳ್ಳಮಾಸಿ ಮುಗಿದ ಮೂರನೇ ದಿನ ಬೆಳಿಗ್ಗೆ ಏಳಕ್ಕೆ ಜೇವರ್ಗಿ ಬಸ್ ನಿಲ್ದಾಣದಲ್ಲಿ ನಿಂತಿದ್ದೆ. ಕೈಚೀಲದಲ್ಲಿ ಶೇಂಗಾ ಹೋಳಿಗೆಯ ಡಬ್ಬಿ, ಬಿಳಿ ಬಟ್ಟೆಯಲ್ಲಿ ಸುತ್ತಿದ ಸಜ್ಜೆ ರೊಟ್ಟಿ. ಅಂಗಿಯ ಒಳಕಿಸೆಯಲ್ಲಿ ದುಡ್ಡಿನ ಲಕೋಟೆ. ಮೇಲಿನ ಕಿಸೆಯಲ್ಲಿ ಆಳಂದದ ಮೊಮ್ಮಗಳು ಬರೆದುಕೊಟ್ಟ ಚೀಟಿ: ‘ಡಿಡಿಆರ್4. 8 ಜಿಬಿ, ಎರಡು. ಸ್ಪೀಡ್ 3200. ಸಿಎಲ್ 16. ಮುತ್ಯಾ, ನಂಬರ್ ತಪ್ಪಬ್ಯಾಡ.’

ಮೂವತ್ತೇಳು ವರ್ಷ ಬ್ಯಾಂಕಿನ ಗುಮಾಸ್ತನಾಗಿ ನಂಬರು ತಪ್ಪದಂತೆ ಬದುಕಿದವನಿಗೆ ಈ ಎಚ್ಚರಿಕೆ! ನಗು ಬಂತು. ಆದರೆ ಆ ದಿನ ಸಂಜೆಯೊಳಗೆ ನಾನು ಎರಡು ಸಲ ತಪ್ಪುವವನಿದ್ದೆ.

ವಿಷಯ ಇಷ್ಟು. ಮೊಮ್ಮಗಳು ದ್ವಿತೀಯ ಪಿಯುಸಿ. ಅಂಗಡಿಯಲ್ಲಿ ಸಿಗುವ ಸಿದ್ಧ ಕಂಪ್ಯೂಟರ್ ಬೇಡ, ಬಿಡಿ ಸಾಮಾನು ತಂದು ತಾನೇ ಜೋಡಿಸುತ್ತೇನೆ ಎಂದು ಹಟ ಹಿಡಿದಿದ್ದಳು. ಹಬ್ಬದ ದುಡ್ಡು, ಬಹುಮಾನದ ದುಡ್ಡು ಕೂಡಿಟ್ಟು ಒಂದೊಂದಾಗಿ ತರಿಸಿದ್ದಳು. ಪ್ರೊಸೆಸರು ಬಂತು, ಮದರ್‌ಬೋರ್ಡ್ ಬಂತು, ಕ್ಯಾಬಿನೆಟ್ ಬಂತು. ಎಲ್ಲ ಮಂಚದ ಕೆಳಗೆ ಪೆಟ್ಟಿಗೆಗಳಲ್ಲೇ ಕುಳಿತಿದ್ದವು, ಮೆಮೊರಿ ಇಲ್ಲದೆ. ‘ಅದು ಮುತ್ಯಾನ ಪಾಲು’ ಎಂದು ನಾನೇ ಒಪ್ಪಿಕೊಂಡಿದ್ದೆ. ನನ್ನದೊಂದು ಸಣ್ಣ ಆರ್‌ಡಿ ಆಗಷ್ಟೇ ಮಾಗಿತ್ತು.

ನನ್ನ ಮಗಳಿಗೆ, ಅಂದರೆ ಹುಡುಗಿಯ ತಾಯಿಗೆ, ಇದು ಒಂಚೂರೂ ಸೇರಿರಲಿಲ್ಲ. ‘ಅಪ್ಪಾ, ಕಂತಿನ ಮ್ಯಾಲ ಒಂದು ಲ್ಯಾಪ್‌ಟಾಪ್ ತಂದಿದ್ರ ಮುಗೀತಿತ್ತು. ನಾಳಿ ಇದು ಚಾಲೂ ಆಗಲಿಲ್ಲಂದ್ರ ಯಾರಿಗಿ ಕೇಳಬೇಕ್ರಿ?’ ಅಂದಿದ್ದಳು. ಮಾತು ನ್ಯಾಯದ್ದೇ. ಆದರೆ ಅವಳೆದುರು ವಾದಿಸಲು ನನಗೆ ಬಾಯಿಲ್ಲ. 1997ರಲ್ಲಿ ಅವಳು ಪಿಯುಸಿ ಮುಗಿಸಿ, ಗುಲಬರ್ಗಾದಲ್ಲಿ ಕಂಪ್ಯೂಟರ್ ಕ್ಲಾಸಿಗೆ ಸೇರುತ್ತೇನೆ ಎಂದು ಕೇಳಿದ್ದಳು. ಆಗ ನಾನು ಬ್ಯಾಂಕಿನ ಗೇಟಿನ ಮುಂದೆ ಎದೆಗೆ ಬಿಲ್ಲೆ ಚುಚ್ಚಿಕೊಂಡು ‘ಯಂತ್ರ ಬೇಡ, ನೌಕರಿ ಬೇಕು’ ಎಂದು ಕೂಗಿ ಬಂದವನು. ‘ಹೆಣ್ಣುಮಗಳಿಗಿ ಅದ್ಯಾಕ’ ಎಂದು ಒಂದೇ ಮಾತಿನಲ್ಲಿ ಮುಗಿಸಿದ್ದೆ. ಅವಳು ಮತ್ತೆ ಕೇಳಲಿಲ್ಲ. ಇಪ್ಪತ್ತೆಂಟು ವರ್ಷವಾಯಿತು, ಆ ಮಾತನ್ನು ಒಂದು ಸಲವೂ ಎತ್ತಿ ಆಡಿಲ್ಲ. ಅದೇ ಹೆಚ್ಚು ಚುಚ್ಚುತ್ತದೆ.

ಜೇವರ್ಗಿಯಿಂದ ಕಲಬುರಗಿಗೆ ಸುಮಾರು 40 ಕಿ.ಮೀ. ಕಟ್ಟಿಸಂಗಾವಿಯ ಸೇತುವೆಯ ಮೇಲೆ ಭೀಮೆಯನ್ನು ದಾಟಬೇಕು. ಮಳೆಗಾಲದಲ್ಲಿ ಮಹಾರಾಷ್ಟ್ರದ ಕಡೆಯಿಂದ ನೀರು ಬಿಟ್ಟರೆ ಇಲ್ಲಿ ನದಿ ನೋಡಲು ಎದೆ ಗಟ್ಟಿ ಬೇಕು. ಈಗ ಡಿಸೆಂಬರಿನಲ್ಲಿ ಮಂಜಿನ ಕೆಳಗೆ ತಣ್ಣಗೆ ಮಲಗಿತ್ತು. ನದಿಯ ಆಚೆ ಫಿರೋಜಾಬಾದಿನ ಹಾಳು ಗೋಡೆಗಳಿವೆ. ಮಕ್ಕಳೇ, 1397ರಿಂದ 1422ರವರೆಗೆ ಆಳಿದ ಫಿರೋಜ್ ಶಾಹ ಬಹಮನಿ ಗುಲಬರ್ಗಾ ಬಿಟ್ಟು ಭೀಮೆಯ ದಂಡೆಗೆ ಹೊಸ ಅರಮನೆ ಊರನ್ನೇ ಕಟ್ಟಿಸಿದ. ಈಗ ಅಲ್ಲಿ ಕಮಾನುಗಳ ಕೆಳಗೆ ಆಡು ಮೇಯುತ್ತವೆ. ರಸ್ತೆಯ ಎರಡೂ ಬದಿ ಕರಿ ಎರೆ ಭೂಮಿ, ಕಾಯಿ ಬಲಿತ ತೊಗರಿ. ಈ ಸಲ ಮಳೆ ಅತಿಯಾಗಿ ಎಷ್ಟೋ ಹೊಲಗಳಲ್ಲಿ ಗಿಡ ನಿಂತಲ್ಲೇ ಒಣಗಿತ್ತು. 2019ರಲ್ಲಿ ಕಲಬುರಗಿ ತೊಗರಿಗೆ ಜಿಐ ಗುರುತು ಸಿಕ್ಕಿದೆ. ಆದರೆ ಮಳೆರಾಯನಿಗೆ ಆ ಕಾಗದ ಯಾರೂ ತೋರಿಸಿದಂತಿಲ್ಲ.

ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರದ ಒಂದು ಕಂಪ್ಯೂಟರ್ ಅಂಗಡಿಗೆ ಹೋದೆ. ಗಾಜಿನ ಪೆಟ್ಟಿಗೆಯೊಳಗೆ ಮೆಮೊರಿ ಪಟ್ಟಿಗಳು ಸಾಲಾಗಿದ್ದವು. ಬಾಚಣಿಗೆಯಷ್ಟು ಉದ್ದ, ಅಷ್ಟೇ ತೆಳ್ಳಗೆ. ಒಂದರ ಮೇಲೆ ದೊಡ್ಡದಾಗಿ 5600 ಎಂದಿತ್ತು. ನನ್ನ ತಲೆಯಲ್ಲಿ ಗಂಟೆ ಹೊಡೆಯಿತು. ಮೊಮ್ಮಗಳ ಪ್ರೊಸೆಸರಿನ ಹೆಸರು ರೈಜೆನ್ 5 5600ಜಿ. ಅಲ್ಲೂ 5600, ಇಲ್ಲೂ 5600! ತಾಳೆಯಾಯಿತಲ್ಲ! ಹುಡುಗಿ 3200 ಎಂದು ಬರೆದದ್ದು ದುಡ್ಡು ಉಳಿಸಲು ಇರಬೇಕು, ಮುತ್ಯಾ ಒಳ್ಳೆಯದನ್ನೇ ಒಯ್ಯುತ್ತಾನೆ ಎಂದುಕೊಂಡು ‘ಇದನ್ನೇ ಕೊಡಪಾ’ ಅಂದೆ.

ಅಂಗಡಿಯ ಹುಡುಗ ತೆಗೆದುಕೊಡುವ ಮೊದಲು ಕೇಳಿದ: ‘ಅಜ್ಜಾರ, ಬೋರ್ಡ್ ಯಾವುದ್ರಿ?’

ಚೀಟಿ ತೋರಿಸಿದೆ. ಅವನು ನಗಲಿಲ್ಲ, ಅದು ಅವನ ದೊಡ್ಡತನ. ಎರಡು ಪಟ್ಟಿಗಳನ್ನು ಅಕ್ಕಪಕ್ಕ ಹಿಡಿದು ತೋರಿಸಿದ. ಎರಡಕ್ಕೂ 288 ಹಲ್ಲು, ಎರಡೂ ಅಷ್ಟೇ ಉದ್ದ. ಆದರೆ ಕೆಳಅಂಚಿನ ಕಚ್ಚು ಒಂದೇ ಕಡೆ ಇಲ್ಲ. ಒಂದು ಡಿಡಿಆರ್4, ಇನ್ನೊಂದು ಡಿಡಿಆರ್5. ಒಂದರ ಮನೆಯಲ್ಲಿ ಇನ್ನೊಂದು ಕೂರುವುದೇ ಇಲ್ಲ. ಕೂರದಿರಲಿ ಎಂದೇ ಕಚ್ಚನ್ನು ಸರಿಸಿರುವುದು. ಪ್ರೊಸೆಸರಿನ 5600 ಬರೀ ಹೆಸರು, ಮೆಮೊರಿಯ 5600 ವೇಗ. ಖಾತೆ ನಂಬರನ್ನು ಬಾಕಿ ಹಣ ಎಂದು ಓದಿದ ಹಾಗೆ ಆಯಿತು ನನ್ನದು. ಹೊಸ ಗುಮಾಸ್ತರು ಈ ತಪ್ಪು ಮಾಡಿದರೆ ನಾನೇ ಬೈಯುತ್ತಿದ್ದೆ.

ಇನ್ನು ದುಡ್ಡಿನ ಮಾತು. ದೀಪಾವಳಿಗೆ ಮುಂಚೆ ಮೊಮ್ಮಗಳು ಹೇಳಿದ ದರಕ್ಕೂ ಈ ದರಕ್ಕೂ ಸಂಬಂಧವೇ ಇರಲಿಲ್ಲ. ಲಕೋಟೆಯ ದುಡ್ಡಿನಲ್ಲಿ ಎರಡು ಬರಬೇಕಿತ್ತು, ಈಗ ಒಂದು ಬಂದು ಸ್ವಲ್ಪ ಉಳಿಯುತ್ತಿತ್ತು. ಕೃತಕ ಬುದ್ಧಿಮತ್ತೆಗಾಗಿ ಜಗತ್ತಿನ ದೊಡ್ಡ ಕಂಪನಿಗಳು ಊರಿನಷ್ಟು ದೊಡ್ಡ ಕಂಪ್ಯೂಟರ್ ಮನೆಗಳನ್ನು ಕಟ್ಟುತ್ತಿವೆ, ಮೆಮೊರಿ ಮಾಡುವ ಕಾರ್ಖಾನೆಗಳು ಮೊದಲು ಅವರಿಗೆ ಅಳೆಯುತ್ತಿವೆ, ನಮಗೆ ಉಳಿದದ್ದು ಎಂದು ಹುಡುಗ ವಿವರಿಸಿದ. ತೊಗರಿ ದರದ ಏರಿಳಿತ ಕಂಡ ಊರಿನವನಿಗೆ ಇದು ಅರ್ಥವಾಗದ ವಿಷಯವಲ್ಲ.

‘ಹಂಗಾದ್ರ 3600ದ್ದು ಒಂದೇ ಒಯ್ರಿ, 16 ಜಿಬಿ. ಲೈಟೂ ಹತ್ತತಾವ’ ಎಂದು ಪಕ್ಕದಲ್ಲಿ ನಿಂತಿದ್ದ ಇನ್ನೊಬ್ಬ ಗಿರಾಕಿ ಸಲಹೆ ಕೊಟ್ಟ. 3200ಕ್ಕಿಂತ 3600 ದೊಡ್ಡದು, ಅದರ ಮೇಲೆ ಬಣ್ಣದ ದೀಪ. ನನ್ನ ಕೈ ಮತ್ತೆ ಲಕೋಟೆಗೆ ಹೋಯಿತು. ಆಗ ಬಿ.ಕಾಂ. ಓದಿದ್ದು ಉಪಯೋಗಕ್ಕೆ ಬಂತು. ಅದು ಗುಲಬರ್ಗಾ ವಿಶ್ವವಿದ್ಯಾಲಯ ಹುಟ್ಟುವ ಮೊದಲಿನ, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಪದವಿ. ಚೀಟಿಯ ಹಿಂದೆ ಲೆಕ್ಕ ಹಾಕಿದೆ.

ಮಕ್ಕಳೇ, ಆ ಲೆಕ್ಕಕ್ಕೆ ಮೊದಲು ನಮ್ಮ ಹಳೆಯ ಬ್ಯಾಂಕಿಗೆ ಬನ್ನಿ. ಕೌಂಟರಿನಲ್ಲಿ ಕೂತ ಗುಮಾಸ್ತನೇ ಪ್ರೊಸೆಸರು. ಹಿಂದಿನ ರೆಕಾರ್ಡ್ ರೂಮು ಡಿಸ್ಕು, ಎಲ್ಲ ಅಲ್ಲಿದೆ, ಆದರೆ ತರುವುದು ತಡ. ಆ ದಿನ ಬೇಕಾಗುವ ಲೆಡ್ಜರುಗಳನ್ನು ಜೋಡಿಸಿಡುವ ಕಪಾಟೇ ಮೆಮೊರಿ, ಅಂದರೆ ರ‍್ಯಾಮ್. ಕಪಾಟಿನಿಂದ ಲೆಡ್ಜರು ತಂದುಕೊಡುವವನು ದಫ್ತರಿ. ಮೆಮೊರಿಯ ವೇಗ ಎಂದರೆ ಈ ದಫ್ತರಿಯ ನಡಿಗೆ. 3200 ಎಂದರೆ ಒಂದು ಸೆಕೆಂಡಿಗೆ 320 ಕೋಟಿ ಸಲ ತಂದುಕೊಡುತ್ತಾನೆ, ಪ್ರತಿ ಸಲ 8 ಬೈಟ್. ನಿಜವಾಗಿ ಒಳಗಿನ ಗಡಿಯಾರ ಮಿಡಿಯುವುದು 160 ಕೋಟಿ ಸಲ ಮಾತ್ರ. ಏರುವಾಗ ಒಂದು, ಇಳಿಯುವಾಗ ಒಂದು, ಹೀಗೆ ಒಂದು ಮಿಡಿತಕ್ಕೆ ಎರಡು ಸಲ ಕೊಡುತ್ತದೆ. ಡಿಡಿಆರ್ ಎಂಬ ಹೆಸರಿನಲ್ಲಿರುವ ‘ಡಬಲ್’ ಅದೇ.

3200ನ್ನು 8ರಿಂದ ಗುಣಿಸಿದರೆ 25,600. ಪಟ್ಟಿಯ ಚೀಟಿಯ ಮೇಲೂ ಪಿಸಿ4-25600 ಎಂದೇ ಅಚ್ಚಾಗಿರುತ್ತದೆ, ನೋಡಿ. ಸೆಕೆಂಡಿಗೆ ಅಷ್ಟು ಎಂಬಿ. ದೀಪದ 3600ದ್ದು 28,800. ಒಂದಕ್ಕೊಂದು ಇಟ್ಟರೆ ಅದೇ ಗೆಲ್ಲುತ್ತದೆ. ಆದರೆ ಬೋರ್ಡಿನಲ್ಲಿ ಎರಡು ದಾರಿಗಳಿವೆ. ಒಂದೊಂದು ದಾರಿಗೆ ಒಂದೊಂದು ಪಟ್ಟಿ ಹಾಕಿದರೆ ಇಬ್ಬರು ದಫ್ತರಿಗಳು ಒಟ್ಟಿಗೆ ಓಡಾಡುತ್ತಾರೆ. 3200ರ ಎರಡು ಸೇರಿದರೆ 51,200. ಅಷ್ಟೇ ಏಕೆ, ಹಳೆಯ 2400ರ ಎರಡು ಹಾಕಿದರೂ 38,400 ಆಗುತ್ತದೆ. ಓಡುವ ಒಬ್ಬನಿಗಿಂತ ನಡೆಯುವ ಇಬ್ಬರು ಮೇಲು.

ಇನ್ನೊಂದು ನಂಬರು ಸಿಎಲ್. ಲೆಡ್ಜರು ಕೇಳಿದ ಮೇಲೆ ದಫ್ತರಿ ಎದ್ದು ಮೊದಲನೆಯದನ್ನು ತರುವವರೆಗಿನ ಮಿಡಿತಗಳ ಎಣಿಕೆ ಅದು. ಸಿಎಲ್ ಅನ್ನು 2000ದಿಂದ ಗುಣಿಸಿ ವೇಗದಿಂದ ಭಾಗಿಸಿದರೆ ಕಾಯುವ ಹೊತ್ತು ಸಿಗುತ್ತದೆ, ನ್ಯಾನೊ ಸೆಕೆಂಡಿನಲ್ಲಿ. 3200ಕ್ಕೆ ಸಿಎಲ್ 16 ಇದ್ದರೆ 10. ಆ ದೀಪದ 3600ಕ್ಕೆ ಸಿಎಲ್ 18 ಇತ್ತು, ಅದಕ್ಕೂ 10! ಅಂದರೆ ಏಳುವುದು ಇಬ್ಬರೂ ಒಂದೇ ಹೊತ್ತಿಗೆ. ಸಾಲದ್ದಕ್ಕೆ ಈ ಪ್ರೊಸೆಸರು ಮಾಡಿದವರು 3200ರವರೆಗೆ ಮಾತ್ರ ಭರವಸೆ ಕೊಟ್ಟಿದ್ದಾರೆ. ಅದರ ಮೇಲೆ ಓಡಿದರೆ ಓಡೀತು, ಜಾಮೀನು ಇಲ್ಲ. ಜಾಮೀನಿಲ್ಲದ ಸಾಲ ನಾನು ಯಾರಿಗೂ ಶಿಫಾರಸು ಮಾಡಿದವನಲ್ಲ.

3200, ಸಿಎಲ್ 16ರ ಒಂದೇ ಒಂದು ಪಟ್ಟಿ ಕೊಂಡು ರಸೀದಿ ಬರೆಸಿದೆ. ಇನ್ನೊಂದಕ್ಕೆ ಅಫಜಲಪುರ ನೆನಪಾಯಿತು.

ಅಫಜಲಪುರದ ಶಾಖೆಯಲ್ಲಿ ನಾನು ಆರು ವರ್ಷ ಇದ್ದೆ. ಅಲ್ಲಿ ನಿಜವಾದ ಒಬ್ಬ ದಫ್ತರಿ ಇದ್ದ, ನನಗಿಂತ ನಾಲ್ಕು ವರ್ಷ ದೊಡ್ಡವನು. ಅವನ ಮಗ ಈಗ ಊರಲ್ಲಿ ಕಂಪ್ಯೂಟರ್ ರಿಪೇರಿ ಮಾಡುತ್ತಾನೆ. ಫೋನ್ ಮಾಡಿದರೆ ‘ಬರ್ರಿ ಕಾಕಾ, ಹಳೇವು ಎರಡು ಅದಾವ, ನೋಡಿ ಒಯ್ರಿ’ ಅಂದ.

ಚೌಡಾಪುರಕ್ಕೆ ಬಂದಾಗ ಇಳಿದು ಗಾಣಗಾಪುರದ ಕಡೆ ಹೊರಳಿದೆ. ದೇವರಿಗೆ ಮಾತ್ರ ಅಲ್ಲ, ಮೊಮ್ಮಗಳ ಇನ್ನೊಂದು ಕೆಲಸಕ್ಕೂ. ಆಳಂದ ತಾಲ್ಲೂಕಿನ ಕೋರಳ್ಳಿಯಲ್ಲಿ ಅಣೆಕಟ್ಟು ಕಟ್ಟಿರುವ ಅಮರ್ಜಾ ನದಿ ಇಲ್ಲಿಗೆ ಬಂದು ಭೀಮೆಯನ್ನು ಸೇರುತ್ತದೆ. ಆ ನದಿಯ ದಾರಿಯನ್ನು ಕಂಪ್ಯೂಟರಿನಲ್ಲಿ ಚಲಿಸುವ ಚಿತ್ರವಾಗಿ ಮಾಡಬೇಕೆಂಬುದು ಅವಳ ಆಸೆ. ‘ಸಂಗಮದ ಫೋಟೋ ತಗದು ತಾ ಮುತ್ಯಾ, ನೀರಿನ ಬಣ್ಣ ನೋಡಬೇಕು’ ಎಂದಿದ್ದಳು. ಸಂಗಮದ ಮೆಟ್ಟಿಲ ಮೇಲೆ ನಿಂತು, ಮೊಣಕಾಲು ನೋವು ನುಂಗಿ, ಹನ್ನೊಂದು ಫೋಟೋ ತೆಗೆದೆ. ನಾಲ್ಕರಲ್ಲಿ ನನ್ನ ಬೆರಳೇ ಬಂದಿತ್ತು. ಮಧ್ಯಾಹ್ನ ಮಧುಕರಿಯ ಹೊತ್ತು. ಜೋಳಿಗೆ ಹಿಡಿದ ಭಕ್ತರು ಮನೆಮನೆಯ ಮುಂದೆ ನಿಂತಿದ್ದರು. ಲಕ್ಷಾಧೀಶನೂ ಇಲ್ಲಿ ಐದು ಮನೆ ಬೇಡಿಯೇ ಉಣ್ಣುತ್ತಾನೆ. ದತ್ತನಿಗೆ ದೂರದಿಂದಲೇ ಕೈಮುಗಿದು ಅಫಜಲಪುರದ ಬಸ್ಸು ಹಿಡಿದೆ.

ದಫ್ತರಿಯ ಮನೆಯಲ್ಲಿ ಹೋಳಿಗೆ ಡಬ್ಬಿ ಅರ್ಧ ಖಾಲಿಯಾಯಿತು. ಅವನಿಗೆ ಈಗ ಕಣ್ಣು ಮಂಜು. ಆದರೆ ಯಾವ ಕಪಾಟಿನ ಯಾವ ಅರೆಯಲ್ಲಿ ಯಾವ ಲೆಡ್ಜರು ಎಂಬುದು ಇವತ್ತಿಗೂ ಬಾಯಲ್ಲಿದೆ. ಮೊದಲ ಸಲ ಲೆಡ್ಜರು ಪೋಸ್ಟಿಂಗ್ ಯಂತ್ರ ನಮ್ಮ ಶಾಖೆಗೆ ಬಂದ ದಿನ ಅವನು ನನ್ನನ್ನು ಮೂಲೆಗೆ ಕರೆದು ‘ಸಾಹೇಬರ, ಇನ್ನ ನನ್ನ ಕಾಲಿಗಿ ಕೆಲಸಿಲ್ಲೇನ್ರಿ?’ ಎಂದು ಕೇಳಿದ್ದ. ನಾನು ಗೇಟಿನಲ್ಲಿ ಕೂಗಿದ್ದು ಹೆಚ್ಚಾಗಿ ಆ ಮಾತಿಗಾಗಿ. ಅದು ತಪ್ಪು ಎಂದು ಇವತ್ತಿಗೂ ನನಗೆ ಅನ್ನಿಸುವುದಿಲ್ಲ. ಅದೇ ಸಿಟ್ಟನ್ನು ಮನೆಗೆ ಒಯ್ದು ಮಗಳ ಮೇಲೆ ಹಾಕಿದ್ದು ತಪ್ಪು.

ಅವನ ಮಗ ಎರಡು ಪಟ್ಟಿ ಮುಂದಿಟ್ಟ. ಒಂದು 2400, ತೀರ ಅಗ್ಗ. ಇನ್ನೊಂದು 3200, ಆದರೆ ಸಿಎಲ್ 22, ಯಾವುದೋ ಕಚೇರಿಯ ಕಂಪ್ಯೂಟರಿನಿಂದ ಬಿಚ್ಚಿದ್ದು. ಮೊದಲನೆಯದನ್ನು ತೆಗೆದುಕೊಂಡರೆ ನನ್ನಲ್ಲಿ ದುಡ್ಡು ಉಳಿಯುತ್ತಿತ್ತು.

‘ಉಳೀತದ ಕಾಕಾ, ಆದ್ರ ಹೊಸಾದು ಭೀ 2400ಕ್ಕ ಇಳೀತದ’ ಅಂದ ಹುಡುಗ.

ದಫ್ತರಿ ಕಟ್ಟೆಯ ಮೇಲೆ ಕೂತಲ್ಲಿಂದಲೇ ಹೇಳಿದ: ‘ಇದರಾಗ ತಿಳಕೊಳ್ಳೋದು ಯಾನದರಿ. ನೊಗಕ್ಕ ಕಟ್ಟಿದ ಮ್ಯಾಲ ಚುರುಕು ಎತ್ತು ಮೆತ್ತನ ಎತ್ತಿನ ನಡಿಗಿನೇ ನಡೀಬೇಕು. ಇಲ್ಲಂದ್ರ ಸಾಲು ಸೊಟ್ಟ.’

ನಾನು ಸಿಎಲ್ 22ರದ್ದನ್ನು ಲೆಕ್ಕ ಹಾಕಿದೆ. 2000ಕ್ಕೆ 22, ಭಾಗಿಸು 3200. ಹದಿಮೂರು ಮುಕ್ಕಾಲು ನ್ಯಾನೊ ಸೆಕೆಂಡು. ಏಳುವುದು ಸ್ವಲ್ಪ ತಡ, ಎದ್ದ ಮೇಲೆ ನಡಿಗೆ ಸರಿಸಮ. ಅದನ್ನೇ ತೆಗೆದುಕೊಂಡೆ. ಒಂದನ್ನು ಪೆಟ್ಟಿಗೆಯಲ್ಲಿ, ಇನ್ನೊಂದನ್ನು ಸ್ಥಾಯೀ ವಿದ್ಯುತ್ ತಡೆಯುವ ಬೆಳ್ಳಿಬಣ್ಣದ ಪ್ಲಾಸ್ಟಿಕ್ ಚೀಲದಲ್ಲಿ ಇಟ್ಟು ಕಿಸೆಗೆ ಸೇರಿಸಿದೆ. ಆಳಂದದ ಬಸ್ಸಿನಲ್ಲಿ ಇಡೀ ದಾರಿ ಎದೆಯ ಮೇಲೆ ಕೈ ಇಟ್ಟುಕೊಂಡೇ ಕೂತಿದ್ದೆ. ಪಕ್ಕದ ಹೆಣ್ಣುಮಗಳೊಬ್ಬರು ‘ಎದಿ ನೋಯ್ಲತ್ತದೇನ್ರಿ ಯಜ್ಜಾ?’ ಎಂದು ಗಾಬರಿಯಾಗಿ ಕೇಳಿದರು.

ಆಳಂದ ಮುಟ್ಟುವಾಗ ದೀಪ ಹಚ್ಚುವ ಹೊತ್ತು. ಇದು ಏಕಾಂತದ ರಾಮಯ್ಯನ ಊರು, ಲಾಡ್ಲೆ ಮಶಾಕರ ದರ್ಗಾದ ಊರು. ದರ್ಗಾದ ಕಡೆಯಿಂದ ಊದಿನ ವಾಸನೆ ಬರುತ್ತಿತ್ತು. ಗುರುವಾರ ಬಂದರೆ ಎಲ್ಲ ಜಾತಿಯವರೂ ಅಲ್ಲಿ ಸಕ್ಕರೆ ಓದಿಸುವುದನ್ನು ನಾನು ಈ ಊರಿನಲ್ಲಿ ನೌಕರಿ ಮಾಡುವಾಗಿನಿಂದ ಕಂಡಿದ್ದೇನೆ.

ಊಟ ಆದ ಮೇಲೆ ಮೊಮ್ಮಗಳು ನೆಲದ ಮೇಲೆ ಚಾದರ ಹಾಸಿ ಜೋಡಿಸಲು ಕೂತಳು. ಕೈಯಲ್ಲಿ ಒಂದು ಸ್ಕ್ರೂಡ್ರೈವರ್, ಅಷ್ಟೇ. ಮೆಮೊರಿ ಪಟ್ಟಿಯ ಕಚ್ಚನ್ನು ನೋಡಿ, ಹೆಬ್ಬೆರಳುಗಳಿಂದ ಎರಡೂ ತುದಿ ಒತ್ತಿದಳು. ಟಕ್ ಎಂದಿತು. ಇನ್ನೊಂದೂ ಟಕ್. ಬಟನ್ ಒತ್ತಿದಾಗ ಫ್ಯಾನು ತಿರುಗಿತು, ಪರದೆಯ ಮೇಲೆ ಅಕ್ಷರ ಮೂಡಿದವು. ನಾನು ಚಪ್ಪಾಳೆ ತಟ್ಟಿದೆ.

ಅವಳು ತಟ್ಟಲಿಲ್ಲ. ‘ಮುತ್ಯಾ, 2400 ತೋರಸ್ಲತ್ತದ.’

ನನ್ನ ರಕ್ತ ಕುದಿಯಿತು. 3200 ಎಂದು ದುಡ್ಡು ತೆಗೆದುಕೊಂಡು 2400 ಕೊಟ್ಟರೇ! ರಸೀದಿ ಹುಡುಕಿ, ಅಂಗಡಿಯ ನಂಬರಿಗೆ ಫೋನ್ ಹಚ್ಚಲು ಹೊರಟೆ. ಅವಳು ಕೈ ಹಿಡಿದಳು. ಯಾರೂ ಮೋಸ ಮಾಡಿಲ್ಲವಂತೆ. ಇಂಥ ಪಟ್ಟಿಗಳು ಮೊದಲು ಎಲ್ಲ ಬೋರ್ಡಿಗೂ ಒಪ್ಪುವ ಸಾವಧಾನದ ವೇಗದಲ್ಲೇ ಏಳುತ್ತವೆ. ಮೇಲಿನ ವೇಗ ಬೇಕೆಂದರೆ ಬಯೋಸ್ ಎಂಬ ಒಳಗಿನ ಪಟ್ಟಿಗೆ ಹೋಗಿ ಎಕ್ಸ್‌ಎಂಪಿ ಎಂಬುದನ್ನು ನಾವೇ ಚಾಲೂ ಮಾಡಬೇಕು. ಎಷ್ಟೋ ಜನ 3200ಕ್ಕೆ ದುಡ್ಡು ಕೊಟ್ಟು, ಇದು ಗೊತ್ತಿಲ್ಲದೆ ವರ್ಷಗಟ್ಟಲೆ 2400ರಲ್ಲೇ ನಡೆಸುತ್ತಾರಂತೆ. ಫೋನ್ ಕೆಳಗಿಟ್ಟೆ. ಅದು ನನ್ನ ಎರಡನೇ ತಪ್ಪು, ಅರ್ಧಕ್ಕೆ ನಿಂತದ್ದು.

ಅವಳು ಎಕ್ಸ್‌ಎಂಪಿ ಚಾಲೂ ಮಾಡಿದಳು. ಪರದೆ ಕಪ್ಪಾಯಿತು. ಫ್ಯಾನು ನಿಂತಿತು, ತಿರುಗಿತು, ಮತ್ತೆ ನಿಂತಿತು. ಅಕ್ಷರವಿಲ್ಲ.

ಬಾಗಿಲಲ್ಲಿ ಮಗಳು ನಿಂತಿದ್ದಳು, ಕೈಯಲ್ಲಿ ಹಾಲಿನ ಲೋಟ. ಏನೂ ಅನ್ನಲಿಲ್ಲ. ನಾನು ಅವಳ ಮುಖ ನೋಡಲಿಲ್ಲ. ಹುಡುಗಿಯ ಎರಡು ವರ್ಷದ ಕೂಡಿಟ್ಟ ದುಡ್ಡು, ನನ್ನ ಆರ್‌ಡಿ ಎಲ್ಲ ಆ ಕಪ್ಪು ಪರದೆಯ ಹಿಂದೆ ಇತ್ತು. ಇದು ಇಲ್ಲಿಗೇ ನಿಂತರೆ, ಹುಡುಗಿ ಮುಂದೆ ಏನು ಮಾಡುತ್ತೇನೆಂದರೂ ಮನೆಯಲ್ಲಿ ‘ಆ ಕಂಪ್ಯೂಟರಿನ ಹಾಗೇ’ ಎಂಬ ಮಾತು ಬರುತ್ತಿತ್ತು. ನಮ್ಮ ಮನೆಗಳಲ್ಲಿ ಅಂಥ ಮಾತು ಬಹಳ ವರ್ಷ ಬದುಕುತ್ತದೆ.

ಮೂರನೆಯ ಸಲ ತಿರುಗಿದಾಗ ಅಕ್ಷರ ಬಂತು. ಬೋರ್ಡು ತಾನಾಗಿಯೇ ಸೋಲೊಪ್ಪಿ 2400ಕ್ಕೆ ಮರಳಿತ್ತು.

ಹುಡುಗಿ ಎರಡೂ ಪಟ್ಟಿ ತೆಗೆದು ದೀಪದ ಕೆಳಗೆ ಹಿಡಿದಳು. ‘ಹೊಸಾದು 1.35 ವೋಲ್ಟ್, ಸಿಎಲ್ 16. ಹಳೇದು 1.2 ವೋಲ್ಟ್, ಸಿಎಲ್ 22’ ಎಂದು ಓದಿದಳು. ನನಗೆ ದಫ್ತರಿಯ ಎತ್ತು ನೆನಪಾಯಿತು. ಎಕ್ಸ್‌ಎಂಪಿ ಹೊಸ ಎತ್ತಿನ ಚುರುಕನ್ನು ಹಳೆಯ ಎತ್ತಿನಿಂದಲೂ ಬೇಡುತ್ತಿತ್ತು. ಹದಿನಾರೇ ಮಿಡಿತಕ್ಕೆ ಏಳು ಎಂದರೆ ಅದು ಹೇಗೆ ಎದ್ದೀತು? ‘ನಡಿಗಿ 3200 ಇರಲಿ, ಏಳೋದು ಇಪ್ಪತ್ತೆರಡಕ್ಕೇ ಇರಲಿ ಅಂತ ನಾವೇ ಬರೀಲಾಕ ಬರ್ತದೇನು?’ ಎಂದು ಕೇಳಿದೆ.

ಅವಳು ತಿರುಗಿ ನನ್ನನ್ನು ನೋಡಿದ ರೀತಿಗೆ ನನಗೆ ಇನ್ನೂ ಹತ್ತು ವರ್ಷ ಆಯುಸ್ಸು ಬಂದಿರಬೇಕು.

ಬರುತ್ತದಂತೆ. ವೇಗ 3200, ಮುಂದೆ 22, 22, 22, ವೋಲ್ಟೇಜು 1.2 ಎಂದು ಕೈಯಾರೆ ಬರೆದು ಉಳಿಸಿದಳು. ಪರದೆ ಮತ್ತೆ ಕಪ್ಪಾಯಿತು. ನಾನು ಎಣಿಸತೊಡಗಿದೆ. ಹದಿನೆಂಟಕ್ಕೆ ಬೆಳಕು ಬಂತು. 3200.

ಆದರೂ ಕೆಲಸ ಮುಗಿದಿರಲಿಲ್ಲ. ಇದು ಬಹಳ ಜನ ಬಿಟ್ಟುಬಿಡುವ ಹೆಜ್ಜೆ, ಆದ್ದರಿಂದ ಹೇಳುತ್ತೇನೆ. ಮೆಮೊರಿಯೊಳಗೆ ಒಂದೊಂದು ಬಿಟ್ಟು ಒಂದು ಪುಟ್ಟ ಕೊಡದಲ್ಲಿ ತುಂಬಿಟ್ಟ ವಿದ್ಯುತ್ತಿನ ಹಾಗೆ. ಐಬಿಎಂನ ರಾಬರ್ಟ್ ಡೆನಾರ್ಡ್ 1966ರಲ್ಲಿ ಕಂಡುಕೊಂಡ ಉಪಾಯ ಇದು, ಪೇಟೆಂಟ್ ಸಿಕ್ಕಿದ್ದು 1968ರಲ್ಲಿ. ಕೊಡ ಸೋರುತ್ತದೆ, ಆದ್ದರಿಂದ ಸಾಮಾನ್ಯವಾಗಿ 64 ಮಿಲಿ ಸೆಕೆಂಡಿನೊಳಗೆ ಪ್ರತಿ ಕೊಡವನ್ನೂ ಮತ್ತೆ ತುಂಬಬೇಕು. ಈ ಗಡಿಬಿಡಿಯಲ್ಲಿ ತಾಳಲಾರದ ವೇಗ ಹೇರಿದರೆ ಕಂಪ್ಯೂಟರು ನಿಲ್ಲಲೇಬೇಕೆಂದಿಲ್ಲ. ಎಲ್ಲೋ ಒಂದು 1 ಸದ್ದಿಲ್ಲದೆ 0 ಆಗಬಹುದು. ತಿಂಗಳಾದ ಮೇಲೆ ಒಂದು ಚಿತ್ರ ತೆರೆಯುವುದಿಲ್ಲ, ಕಾರಣ ಗೊತ್ತಾಗುವುದಿಲ್ಲ. ನಮ್ಮ ಕಾಲದಲ್ಲಿ ಡೇ ಬುಕ್ಕಿನಲ್ಲಿ ಐದು ಪೈಸೆ ವ್ಯತ್ಯಾಸ ಬಂದರೆ ರಾತ್ರಿ ಹತ್ತಾದರೂ ಮನೆಗೆ ಬಿಡುತ್ತಿರಲಿಲ್ಲ. ಐದು ಪೈಸೆ ನನ್ನ ಕಿಸೆಯಿಂದಲೇ ಕೊಡುತ್ತೇನೆ ಎಂದರೆ ಮ್ಯಾನೇಜರರಿಗೆ ಇನ್ನೂ ಸಿಟ್ಟು.

ಈ ತಾಳೆ ನೋಡಲು ಮೆಮ್‌ಟೆಸ್ಟ್86 ಎಂಬ ಪ್ರೋಗ್ರಾಮು ಪುಕ್ಕಟೆ ಸಿಗುತ್ತದೆ. ಪೆನ್‌ಡ್ರೈವಿನಿಂದ ಹಚ್ಚಿಬಿಟ್ಟರೆ ಇಡೀ ಮೆಮೊರಿಗೆ ಬರೆದು, ಓದಿ, ಹೋಲಿಸುತ್ತದೆ, ನಾಲ್ಕು ಸುತ್ತು. ರಾತ್ರಿ ಹತ್ತೂವರೆಗೆ ಹಚ್ಚಿ ಮಲಗಿದೆವು. ಮಲಗಿದ್ದು ಹುಡುಗಿ. ನಾನು ಹನ್ನೆರಡಕ್ಕೆ ಒಮ್ಮೆ, ಎರಡಕ್ಕೆ ಒಮ್ಮೆ ಎದ್ದು ನೋಡಿದೆ. ಕರೆಂಟ್ ಹೋಗದಿರಲಿ ಎಂದು ಗಾಣಗಾಪುರದ ದತ್ತನನ್ನೂ ಲಾಡ್ಲೆ ಮಶಾಕರನ್ನೂ ಒಟ್ಟಿಗೇ ನೆನೆದೆ. ಎರಡನೆಯ ಸಲ ಎದ್ದಾಗ ಕತ್ತಲಲ್ಲಿ ಮಗಳು ಪರದೆಯ ಮುಂದೆ ಕೂತಿದ್ದಳು.

‘ತಪ್ಪು ಸೊನ್ನಿನೇ ಅದ ಅಪ್ಪಾ. ನೀವು ಮಲಗ್ರಿ, ನಾ ನೋಡ್ತೀನಿ’ ಅಂದಳು.

ಬೆಳಿಗ್ಗೆ ನಾಲ್ಕೂ ಸುತ್ತು ಮುಗಿದಿತ್ತು. ಸೊನ್ನೆ.

ಇಷ್ಟೆಲ್ಲ ಮಾಡಿ ಬಂದ ಫಲವೇನು ಎಂದು ನನ್ನ ವಾರಿಗೆಯವರು ಕೇಳಬಹುದು. ಉಳ್ಳದ್ದು ಹೇಳುತ್ತೇನೆ. ಪತ್ರ ಬರೆಯಲು, ಪಿಂಚಣಿಯ ಕಾಗದ ನೋಡಲು, ಭಜನೆ ಕೇಳಲು 2400ಕ್ಕೂ 3200ಕ್ಕೂ ನನಗೆ ಕೂದಲಷ್ಟೂ ವ್ಯತ್ಯಾಸ ಕಾಣಲಿಲ್ಲ. ಆ ಕೆಲಸಕ್ಕೆ ಮೆಮೊರಿ ಸಾಕಷ್ಟು ಇದ್ದರೆ ಆಯಿತು, ವೇಗದ ಹಿಂದೆ ಬಿದ್ದು ದುಡ್ಡು ಸುರಿಯಬೇಡಿ. ಆದರೆ ಮೊಮ್ಮಗಳ ಪ್ರೊಸೆಸರಿಗೆ ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ. ಚಿತ್ರ ಬಿಡಿಸುವ ಭಾಗವೂ ಅದರ ಹೊಟ್ಟೆಯೊಳಗೇ ಇದೆ, ಅದೂ ಇದೇ ಮೆಮೊರಿಯಿಂದ ಉಣ್ಣಬೇಕು. ಒಂದೇ ಒಲೆ, ಎರಡು ಸಂಸಾರ. ಅಲ್ಲಿ ವೇಗ ಕಾಣುತ್ತದೆ. ಅವಳು ಒಮ್ಮೆ 2400ಕ್ಕೆ ಇಳಿಸಿ, ಒಮ್ಮೆ 3200ಕ್ಕೆ ಏರಿಸಿ ತನ್ನ ಅಮರ್ಜೆಯನ್ನು ಹರಿಸಿ ತೋರಿಸಿದಳು. ಮೊದಲನೆಯದರಲ್ಲಿ ನೀರು ಅಲ್ಲಲ್ಲಿ ಮುಗ್ಗರಿಸುತ್ತಿತ್ತು. ಎರಡನೆಯದರಲ್ಲಿ ಕೋರಳ್ಳಿಯಿಂದ ಹೊರಟದ್ದು ಎಲ್ಲೂ ನಿಲ್ಲದೆ ಸಂಗಮಕ್ಕೆ ಬಂತು. ಕೊನೆಗೊಂದು ಪಟ್ಟಿ ಬಿಚ್ಚಿ ಒಂದೇ ಇಟ್ಟು ನೋಡಿದಳು. 3200 ಇದ್ದರೂ ನೀರು ಕುಂಟಿತು. ಚೀಟಿಯ ಹಿಂದಿನ ನನ್ನ ಲೆಕ್ಕ ಸರಿ ಇತ್ತು. ನಾನು ಅದನ್ನು ಎರಡು ಸಲ ಹೇಳಿದೆ.

ಒಂಬತ್ತರ ಬಸ್ಸಿಗೆ ಹೊರಡುವವನಿದ್ದೆ. ಚೀಲ ಹೆಗಲಿಗೆ ಹಾಕಿದ್ದೂ ಆಗಿತ್ತು. ಮಗಳು ಒಳಗಿನಿಂದ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ಕುರ್ಚಿಯ ಪಕ್ಕ ನಿಂತಳು.

‘ಏ, ಇದರಾಗ ಕನ್ನಡ ಹ್ಯಾಂಗ ಹೊಡೀತಾರ?’

ಹುಡುಗಿ ಎದ್ದು ಕುರ್ಚಿ ಬಿಟ್ಟುಕೊಟ್ಟಳು. ‘ನುಡಿ’ ತೆರೆದಳು. ಕೆ.ಪಿ. ರಾವ್ ಅವರ ಕೀಲಿಮಣೆ ಜೋಡಣೆಯಲ್ಲಿ ಯಾವ ಅಕ್ಷರಕ್ಕೆ ಯಾವ ಕೀಲಿ, ಒತ್ತು ಹೇಗೆ, ದೀರ್ಘ ಹೇಗೆ ಎಂದು ತೋರಿಸಿದಳು. ಮಗಳು ಒಂದೇ ಬೆರಳಿನಿಂದ ತನ್ನ ಹೆಸರು ಹೊಡೆದಳು. ಒತ್ತಕ್ಷರ ತಪ್ಪಿತು. ಅಳಿಸಿ ಮತ್ತೆ ಹೊಡೆದಳು. ನಾನು ಚೀಲ ಕೆಳಗಿಟ್ಟು ಮಂಚದ ಮೇಲೆ ಕೂತೆ. ಹೆಸರಿನ ಕೆಳಗೆ ಊರು ಹೊಡೆದಳು, ಅದರ ಕೆಳಗೆ ತಾಲ್ಲೂಕು, ಅದರ ಕೆಳಗೆ ನನ್ನ ಹೆಸರು.

ಒಂಬತ್ತರ ಬಸ್ಸು ಹೋಯಿತು. ಹನ್ನೊಂದರದಕ್ಕೆ ಹೊರಟೆ. ಚೀಲದಲ್ಲಿ ಹೋಳಿಗೆಯ ಖಾಲಿ ಡಬ್ಬಿ, ಕಿಸೆಯಲ್ಲಿ ಅದೇ ಚೀಟಿ.